ಊರ ತರಕಾರಿ ಬೆಳೆಯುವವರಿಗೂ, ಮಾರಲು ಜಾಗ ಕೊಡಬೇಕಾದವರಿಗೂ

ಮಾನ್ಯ ಸಂಪಾದಕರಿಗೆ,

ಮಂಗಳೂರು, ಉಡುಪಿಯ ಪೇಟೆಯಲ್ಲಿ ಬೆಂಡೆಕಾಯಿ ಕೊಳ್ಳುವವರು ದರ ಕೇಳುವ ಮೊದಲು "ಊರಿದ್ದಾ?" ಎಂದು ಕೇಳುತ್ತಾರೆ. ಊರ ಬೆಂಡೆ, ಊರ ಹರಿವೆ, ಊರ ಅಲಸಂಡೆ ಎಂದರೆ ನಾಲ್ಕು ಕಾಸು ಹೆಚ್ಚು ಕೊಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಹೀಗಿದ್ದೂ ನಮ್ಮ ಎರಡು ಜಿಲ್ಲೆಗಳ ಅಡುಗೆಮನೆಗೆ ಬೇಕಾದ ತರಕಾರಿಯ ಬಹುಪಾಲು ಘಟ್ಟ ಇಳಿದು ಬರುವ ಲಾರಿಯಲ್ಲೇ ಬರುತ್ತಿದೆ. ಮನೆ ಹಿತ್ತಲಲ್ಲಿ ಹತ್ತಿಪ್ಪತ್ತು ಸೆಂಟ್ಸ್ ಜಾಗವಿದ್ದವರು, ಊರಿಗೆ ಮರಳಿದ ಯುವಕರು, ಸ್ವಸಹಾಯ ಸಂಘದ ಮಹಿಳೆಯರು ಉತ್ಸಾಹದಿಂದ ತರಕಾರಿ ಶುರು ಮಾಡುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಲವರು ಬಿಟ್ಟೂ ಬಿಡುತ್ತಾರೆ. ದುಡಿಮೆ ಕಡಿಮೆಯಾಗಿ ಹೀಗಾಗುವುದಲ್ಲ. ಮೊದಲು ಬೆಳೆದು ಆಮೇಲೆ ಮಾರುವ ದಾರಿ ಹುಡುಕುವುದು ಒಂದು ಕಾರಣ. ಬೇಸಗೆಯ ಲೆಕ್ಕದಲ್ಲಿ ಮಾಡಿದ ತೋಟ ಆಟಿಯ (ಜುಲೈ-ಆಗಸ್ಟ್‌ನಲ್ಲಿ ಬರುವ ತುಳು ತಿಂಗಳು) ಮಳೆಯನ್ನು ತಾಳದಿರುವುದು ಇನ್ನೊಂದು. ಈ ಎರಡನ್ನೂ ಸರಿಪಡಿಸಿಕೊಳ್ಳಬಹುದು. ಹೇಗೆಂದು ಬರೆಯಲು ಮತ್ತು ನಮ್ಮ ಸ್ಥಳೀಯ ಸಂಸ್ಥೆಗಳಲ್ಲಿ ಒಂದು ಬೇಡಿಕೆ ಇಡಲು ಈ ಪತ್ರ.

ಮೊದಲ ಮಾತು, ಲಾರಿಯ ತರಕಾರಿಯೊಡನೆ ಪೈಪೋಟಿಗೆ ಇಳಿಯಬೇಡಿ. ಟೊಮೆಟೊ, ಎಲೆಕೋಸು, ಹೂಕೋಸು, ಬೀನ್ಸ್, ಕ್ಯಾರೆಟ್ ಘಟ್ಟದ ಮೇಲಿನ ಹವೆಯಲ್ಲಿ ಸಲೀಸಾಗಿ ಬರುತ್ತವೆ. ಇಲ್ಲಿ ಹೆಣಗಿ ಬೆಳೆದರೂ ಆ ದರಕ್ಕೆ ಕೊಡಲಾಗದು. ಸಂತೆಯಲ್ಲಿ ನಿಮ್ಮ ಮೇಜಿನ ಮೇಲೆ ಇರಬೇಕಾದ್ದು ಹರಿವೆ, ಬಸಳೆ, ಅಲಸಂಡೆ, ತಿಳಿ ಹಸಿರಿನ ಉದ್ದ ಬೆಂಡೆ, ಹೀರೆ, ಪಡವಲ, ಹಾಗಲ, ತೊಂಡೆ, ಮುಳ್ಳುಸೌತೆ, ಬದನೆ, ಕೆಸು, ಮಂಗಳೂರು ಸೌತೆ. ಜತೆಗೆ ಗುಜ್ಜೆ (ಎಳೆ ಹಲಸು), ಜೀಗುಜ್ಜೆ (ದಿವಿ ಹಲಸು), ಬಾಳೆದಿಂಡು, ಬಾಳೆಹೂವು, ಒಂದೆಲಗ, ಕರಿಬೇವು, ಪತ್ರೊಡೆಗೆ ಕೆಸುವಿನ ಎಲೆ. ಗಿರಾಕಿ ಒಂದು ಮೇಜಿನ ಮುಂದೆ ನಿಲ್ಲಬೇಕಾದರೆ ಏಳೆಂಟು ಬಗೆಯಾದರೂ ಕಾಣಬೇಕು. ಬೆಂಡೆ ಒಂದನ್ನೇ ಮೂವತ್ತು ಕಿಲೋ ತಂದವರು ಕೊನೆಗೆ ವ್ಯಾಪಾರಿಯ ಕೈಗೆ ಅರ್ಧ ದರಕ್ಕೆ ಕೊಟ್ಟು ಮನೆಗೆ ಹೋಗುತ್ತಾರೆ.

ಶುರು ಮಾಡಲು 10 ಸೆಂಟ್ಸ್ ಸಾಕು, ಅಂದರೆ 4,356 ಚದರಡಿ. ಒಬ್ಬರು ಪೂರ್ತಿ ಹೊತ್ತು, ಇನ್ನೊಬ್ಬರು ಅರ್ಧ ಹೊತ್ತು ದುಡಿದರೆ ಅಷ್ಟನ್ನು ಚೆನ್ನಾಗಿ ನೋಡಿಕೊಳ್ಳಬಹುದು. ಅದಕ್ಕಿಂತ ದೊಡ್ಡದಾದರೆ ಮೊದಲ ವರ್ಷ ಕಳೆಯೇ ಗೆಲ್ಲುತ್ತದೆ. ಎಲ್ಲ ಮಡಿಗಳೂ ಒಂದೇ ಅಳತೆಯವಾಗಿರಲಿ. 3 ಅಡಿ ಅಗಲ, 30 ಅಡಿ ಉದ್ದ, ನಡುವೆ ಒಂದೂವರೆ ಅಡಿಯ ಕಣಿ (ನೀರು ಹರಿಯುವ ಕಾಲುವೆ). ಮೂರಡಿಗಿಂತ ಅಗಲವಾದರೆ ಎರಡೂ ಬದಿಯಿಂದ ಕೈ ನಡುವಿಗೆ ಎಟುಕದು, ಮಡಿಯನ್ನು ಮೆಟ್ಟಬೇಕಾಗುತ್ತದೆ, ಮೆಟ್ಟಿದ ಕಡೆ ಮಣ್ಣು ಗಟ್ಟಿಯಾಗಿ ನೀರು ನಿಲ್ಲುತ್ತದೆ. ಗೊಬ್ಬರದ ಗುಂಡಿ, ತೊಳೆಯುವ ಜಾಗ, ಬೇಲಿಯ ಬದಿ ಎಲ್ಲ ಬಿಟ್ಟರೂ 10 ಸೆಂಟ್ಸಿನಲ್ಲಿ ಇಂಥ 24 ಮಡಿಗಳು ಕೂರುತ್ತವೆ. ಅಳತೆ ಒಂದೇ ಆಗಿದ್ದರೆ ಡ್ರಿಪ್ ಪೈಪು, ಬಲೆ, ಗೊಬ್ಬರದ ಲೆಕ್ಕ ಎಲ್ಲವೂ ಯಾವ ಮಡಿಗಾದರೂ ಹೊಂದುತ್ತದೆ. ತೆಂಗಿನ ಮರದ ನೆರಳು ಬೀಳುವ ಕಡೆ ಸೊಪ್ಪು, ಕೆಸು, ಅರಶಿನ ಬಿಟ್ಟು ಬೇರೇನೂ ಬೇಡ.

ನಮ್ಮದು ಹೆಚ್ಚಿನ ಕಡೆ ಮುರಕಲ್ಲಿನ (ಜಂಬಿಟ್ಟಿಗೆಯ) ಮಣ್ಣು. ಮೂರೂವರೆ, ನಾಲ್ಕು ಸಾವಿರ ಮಿ.ಮೀ. ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿರುತ್ತದೆ, ಮಣ್ಣು ಹುಳಿಯಾಗಿರುತ್ತದೆ. ಹುಳಿ ಮಣ್ಣಿನಲ್ಲಿ ರಂಜಕವನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುವುದರಿಂದ ಎಷ್ಟು ಗೊಬ್ಬರ ಸುರಿದರೂ ಗಿಡದ ಬೇರಿಗೆ ದಕ್ಕುವುದು ಕಡಿಮೆ. ಹಾಗಾಗಿ ಗೊಬ್ಬರಕ್ಕಿಂತ ಮೊದಲು ಮಣ್ಣು ಪರೀಕ್ಷೆ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ ಅಥವಾ ಮಂಗಳೂರು ಕಂಕನಾಡಿಯ ಕೇಂದ್ರದಲ್ಲಿ ಈ ಬಗ್ಗೆ ವಿಚಾರಿಸಿ. ರಸಸಾರ (ಪಿ.ಎಚ್.) 5ರಿಂದ 5.5ರ ಒಳಗೆ ಬಂದರೆ ಸೆಂಟ್ಸಿಗೆ 2 ಕಿಲೋ ಕೃಷಿ ಸುಣ್ಣ, ಅಂದರೆ ಒಂದು ಮಡಿಗೆ ಹತ್ತಿರ ಹತ್ತಿರ ಅರ್ಧ ಕಿಲೋ, ಸಾಮಾನ್ಯವಾಗಿ ಸಾಕಾಗುತ್ತದೆ. ಸುಣ್ಣ ಹಾಕಿ, ಮಣ್ಣಿಗೆ ಬೆರೆಸಿ, ತೇವ ಮಾಡಿ, ಎರಡು ವಾರ ಬಿಟ್ಟ ಮೇಲೆಯೇ ಗೊಬ್ಬರ. ಹಟ್ಟಿಗೊಬ್ಬರವನ್ನೋ ಯೂರಿಯಾವನ್ನೋ ಸುಣ್ಣದ ಜತೆ ಒಟ್ಟಿಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತದೆ.

ಮಡಿಯೊಂದಕ್ಕೆ 20 ಕಿಲೋ ಕಳಿತ ಹಟ್ಟಿಗೊಬ್ಬರ ಕನಿಷ್ಠ. ಕಳಿತದ್ದೇ ಆಗಬೇಕು, ಹಸಿ ಸೆಗಣಿಯಲ್ಲಿ ಗೊಬ್ಬರದ ಹುಳ ಮತ್ತು ಕಳೆಬೀಜ ಎರಡೂ ಬರುತ್ತವೆ. 90 ಕಿಲೋ ಗೊಬ್ಬರಕ್ಕೆ 10 ಕಿಲೋ ಬೇವಿನ ಹಿಂಡಿ, 1ರಿಂದ 2 ಕಿಲೋ ಟ್ರೈಕೊಡರ್ಮಾ (ರೋಗ ತಡೆಯುವ ಶಿಲೀಂಧ್ರದ ಪುಡಿ) ಬೆರೆಸಿ, ನೆರಳಲ್ಲಿ ಒದ್ದೆ ಗೋಣಿ ಮುಚ್ಚಿ ಎರಡು ವಾರ ಇಟ್ಟು ಬಳಸಿದರೆ ಬುಡ ಕೊಳೆಯುವುದು ತುಂಬ ಕಡಿಮೆಯಾಗುತ್ತದೆ. ಹೀರೆ, ಪಡವಲ, ಸೌತೆಯ ಗುಂಡಿಗಳಿಗೆ ನಮ್ಮ ಹಿರಿಯರು ಹಾಕುತ್ತಿದ್ದ ಸುಡುಮಣ್ಣನ್ನು (ತರಗೆಲೆ, ಕಸದೊಡನೆ ಸುಟ್ಟ ಮಣ್ಣು) ಬಿಡಬೇಡಿ. ಪೊಟ್ಯಾಶ್ ಸಿಗುತ್ತದೆ, ಮಣ್ಣಿನ ಹುಳಿಯೂ ಸ್ವಲ್ಪ ಇಳಿಯುತ್ತದೆ.

ನೀರಿನ ಬಗ್ಗೆ ಎರಡೇ ಮಾತು. ಬೇಸಗೆಯಲ್ಲಿ 24 ಮಡಿಗೆ ದಿನಕ್ಕೆ ಸಾವಿರ ಲೀಟರ್ ಬೇಕೇ ಬೇಕು. ಮೇ ತಿಂಗಳಲ್ಲಿ ಬಾವಿ ಅಷ್ಟು ಕೊಡದಿದ್ದರೆ ಮಾರ್ಚ್‌ನಿಂದಲೇ ಮಡಿಗಳನ್ನು ಅರ್ಧಕ್ಕೆ ಇಳಿಸಿ. ಮುರಕಲ್ಲಿನ ಜಾಗದ ಬೋರ್‌ವೆಲ್ ನೀರಲ್ಲಿ ಕಬ್ಬಿಣ ಇದ್ದರೆ ಡ್ರಿಪ್ಪಿನ ತೂತುಗಳಲ್ಲಿ ಕೆಂಪು ಕಿಲುಬು ಕಟ್ಟುತ್ತದೆ, ಆದ್ದರಿಂದ ನೀರನ್ನು ಒಂದು ರಾತ್ರಿ ಟಾಂಕಿಯಲ್ಲಿ ತಳಿಯಲು ಬಿಟ್ಟು ಫಿಲ್ಟರ್ ಮೂಲಕ ಹರಿಸಬೇಕು. ಹೊಳೆಬದಿ, ಕಡಲಬದಿಯವರು ಏಪ್ರಿಲ್‌ನಲ್ಲಿ ಬಾವಿನೀರಿನ ಉಪ್ಪು ಪರೀಕ್ಷಿಸದೆ ಬೀಜ ಹಾಕಬಾರದು. ಹನಿ ನೀರಾವರಿಗೆ ಸರಕಾರದ ಸಹಾಯಧನ ಬೇಕಾದವರು ಪೈಪು ಖರೀದಿಸುವ ಮೊದಲೇ ತಾಲೂಕು ತೋಟಗಾರಿಕೆ ಕಚೇರಿಗೆ ಹೋಗಿ ಬನ್ನಿ. ಬಿಲ್ಲು ಹಿಡಿದುಕೊಂಡು ಆಮೇಲೆ ಹೋದರೆ ಕೆಲಸವಾಗದು.

ಇನ್ನು ಮಳೆಗಾಲ. ಕರಾವಳಿಯಲ್ಲಿ ತರಕಾರಿಯಿಂದ ದುಡ್ಡು ಕಾಣುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮೀನು ದುಬಾರಿ, ಮನೆಗಳಲ್ಲಿ ತರಕಾರಿ ಹೆಚ್ಚು ಬೇಕು. ಅದೇ ಹೊತ್ತಿಗೆ ಊರ ತರಕಾರಿ ತೀರ ಕಡಿಮೆ. ಆ ನಾಲ್ಕು ತಿಂಗಳು ಮೇಜು ಖಾಲಿ ಬಿಡದವನಿಗೆ ಗಿರಾಕಿ ವರ್ಷಪೂರ್ತಿ ನಿಲ್ಲುತ್ತಾರೆ.

ಅದಕ್ಕೆ ಬೇಸಗೆಯಿಂದಲೇ ತಯಾರಿ ಬೇಕು. ಏಣೇಲು (ಮಳೆಗಾಲದ ಭತ್ತ) ಕೊಯ್ದ ಗದ್ದೆಯಲ್ಲಿ ಜನವರಿಗೆ ಮಂಗಳೂರು ಸೌತೆ, ಬೂದುಕುಂಬಳ ಹಾಕಿ. ಏಪ್ರಿಲ್‌ನಲ್ಲಿ ಪೂರ್ತಿ ಬಲಿತ ಕಾಯಿಗಳನ್ನು ತೊಟ್ಟು ಕಾಯಿಯಲ್ಲೇ ಉಳಿಯುವಂತೆ ಕೊಯ್ದು, ಗಾಳಿಯಾಡುವ ಕಡೆ ಪಕಾಸಿಗೆ (ಚಾವಣಿಯ ಮರದ ಪಟ್ಟಿಗೆ) ಬಾಳೆನಾರಿನಲ್ಲಿ ಒಂದಕ್ಕೊಂದು ತಾಗದಂತೆ ಕಟ್ಟಿ ತೂಗಹಾಕಿ. ನೆಲದಲ್ಲಿ ರಾಶಿ ಹಾಕಿದ್ದು ಮೊದಲ ಮಳೆಗೇ ಕೊಳೆಯುತ್ತದೆ. ತೂಗಹಾಕಿದ್ದು ಆಟಿಯವರೆಗೂ ಬರುತ್ತದೆ. ಕೊಯ್ಯುವಾಗ ಬಿದ್ದು ಪೆಟ್ಟಾದ ಕಾಯಿಯನ್ನು ಮಾತ್ರ ತೂಗಹಾಕಬೇಡಿ, ಅದು ಸೋರಲು ಶುರುವಾದರೆ ಕೆಳಗಿನದ್ದೂ ಹೋಗುತ್ತದೆ.

ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವಾರ, ಮಡಿಗಳನ್ನು ಒಂದು ಅಡಿ ಎತ್ತರಕ್ಕೆ ಏರಿಸಿ. ಬೇಸಗೆಯಲ್ಲಿ ನಾಲ್ಕಿಂಚು ಸಾಕಾಗಿದ್ದ ಮಡಿ ಜೂನ್ ಮಳೆಗೆ ಕಣಿಯ ಮಟ್ಟಕ್ಕೆ ಕುಸಿಯುತ್ತದೆ. ಎಲ್ಲ ಕಣಿಗಳೂ ಒಂದು ದೊಡ್ಡ ಕಣಿಗೆ, ಅದು ತೋಡಿಗೆ (ಹಳ್ಳಕ್ಕೆ) ಸೇರಬೇಕು. ಜೋರು ಮಳೆ ನಿಂತು ಅರ್ಧ ಗಂಟೆಯ ಮೇಲೂ ಕಣಿಯಲ್ಲಿ ನೀರು ನಿಂತಿದ್ದರೆ ಇಳಿಜಾರು ಸರಿಯಾಗಿಲ್ಲ ಎಂದೇ ತಿಳಿಯಿರಿ. ಮಡಿಯ ಮೇಲೆ ತರಗೆಲೆಯ ಹೊದಿಕೆ ಇರಲಿ. ಕೆಸರು ಎಲೆಗೆ ಸಿಡಿಯುವುದು ತಪ್ಪಿದರೆ ಎಲೆಚುಕ್ಕೆ ರೋಗ ಅರ್ಧಕ್ಕರ್ಧ ತಪ್ಪಿದಂತೆ. ಕಣಿಯಲ್ಲಿ ತೆಂಗಿನ ಸಿಪ್ಪೆ ಹಾಸಬೇಡಿ, ಆಫ್ರಿಕನ್ ಬಸವನಹುಳಕ್ಕೆ ಅದಕ್ಕಿಂತ ಒಳ್ಳೆಯ ಮನೆ ಇನ್ನೊಂದಿಲ್ಲ. ಆ ಹುಳ ಕಂಡರೆ ಸಂಜೆ ಒದ್ದೆ ಗೋಣಿಯ ಕೆಳಗೆ ಪಪ್ಪಾಯಿ ಎಲೆ ಇಟ್ಟು, ಬೆಳಿಗ್ಗೆ ಅಲ್ಲಿ ಸೇರಿದ್ದನ್ನೆಲ್ಲ ಗ್ಲೌಸ್ ಹಾಕಿದ ಕೈಯಲ್ಲಿ ಹೆಕ್ಕಿ ಉಪ್ಪುನೀರಿಗೆ ಹಾಕಿ. ಉಪ್ಪನ್ನು ಮಡಿಯ ಮೇಲೆ ಚೆಲ್ಲಿದರೆ ಮಣ್ಣು ಹಾಳಾಗುತ್ತದೆ.

ನಾಲ್ಕು ಮಡಿಗಾದರೂ ಮೇಲೆ ಮಳೆ ಮಾಡು, ಅಂದರೆ ಮಳೆ ತಡೆಯುವ ಚಾವಣಿ, ಬೇಕು. 18 ಅಡಿ ಅಗಲ, 33 ಅಡಿ ಉದ್ದ. ಬದಿಯಲ್ಲಿ ಆರೂವರೆ ಅಡಿ, ನಡುವೆ ಹತ್ತು ಅಡಿ ಎತ್ತರ. ಮೇಲೆ 200 ಮೈಕ್ರಾನ್‌ನ ಯು.ವಿ. ಶೀಟು. ನಾಲ್ಕೂ ಬದಿ ತೆರೆದಿರಲಿ. ಬದಿ ಮುಚ್ಚಿದರೆ ಒಳಗೆ ಬೆವರು ಕಟ್ಟಿ ಬೂಷ್ಟು ಬರುತ್ತದೆ, ಗಾಳಿಗೆ ಮಾಡೇ ಎದ್ದುಹೋಗುತ್ತದೆ. ಅಡಿಕೆ ಮರದ ಕಂಬ ಅಗ್ಗ, ಆದರೆ ಮಣ್ಣಿಗೆ ಹೂಳುವ ಭಾಗ ಎರಡು ಮೂರು ಮಳೆಗಾಲಕ್ಕೆ ಕುಂಬಾಗುತ್ತದೆ (ಕೊಳೆಯುತ್ತದೆ), ಮಣ್ಣಿಗೆ ಹೂತ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪಿನ ತುಂಡಿಗೆ ಕಂಬವನ್ನು ಸೇರಿಸಿದರೆ ಬಾಳಿಕೆ ಬರುತ್ತದೆ. ಶೀಟು ಹರಿಯುವುದು ಮಳೆಗಲ್ಲ, ಗಾಳಿಗೆ ಪಟಪಟನೆ ಬಡಿದುಕೊಂಡು. ಮೇಲಿನಿಂದ ನೈಲಾನ್ ಹಗ್ಗವನ್ನು ಅಡ್ಡಡ್ಡ ಬಿಗಿದರೆ ಆ ಬಡಿತ ನಿಲ್ಲುತ್ತದೆ. ತೆಂಗಿನ ಮರದಡಿ ಮಾಡು ಹಾಕಲೇಬೇಡಿ, ಒಂದು ಮಡಲು ಬಿದ್ದರೆ ಮುಗಿಯಿತು.

ಈ ಮಾಡಿನ ಕೆಳಗೆ ಹರಿವೆ ಮತ್ತು ಸಸಿಗಳ ಟ್ರೇ. ಮಡಿಯೊಂದಕ್ಕೆ 10ರಿಂದ 15 ಗ್ರಾಂ ಹರಿವೆ ಬೀಜವನ್ನು ಒಣ ಮರಳಿನಲ್ಲಿ ಬೆರೆಸಿ ಚೆಲ್ಲಿ. ಒಂದು ಮುಷ್ಟಿ ರವೆ ಸೇರಿಸಿದರೆ ಇರುವೆಗಳು ಬೀಜ ಬಿಟ್ಟು ರವೆ ಹೊರುತ್ತವೆ. ಬೇಸಗೆಯಲ್ಲಿ 25ರಿಂದ 28 ದಿನಕ್ಕೆ ಕೀಳಲು ಬರುವ ಹರಿವೆ ಮೋಡ ಕವಿದ ಆಟಿಯಲ್ಲಿ 35 ದಿನ ತೆಗೆದುಕೊಳ್ಳುತ್ತದೆ, ಕಾಂಡ ಸಪೂರವಾಗುತ್ತದೆ. ಆಗ ಬೀಜ ವಿರಳವಾಗಿ ಹಾಕಬೇಕೇ ಹೊರತು ಯೂರಿಯಾ ಸುರಿಯುವುದಲ್ಲ. ಒಂದು ಮಡಿಯಲ್ಲಿ ಒಳ್ಳೆಯ ಬೆಳೆಗೆ 12 ಕಿಲೋ, ಅಂದರೆ 300 ಗ್ರಾಮಿನ 40 ಕಟ್ಟು. ವಾರಕ್ಕೊಂದು ಸಂತೆಯಾದರೆ ವಾರಕ್ಕೊಂದು ಮಡಿ ಬಿತ್ತುತ್ತಾ ಹೋಗಬೇಕು. ನಾಲ್ಕು ಮಡಿಯನ್ನೂ ಒಂದೇ ದಿನ ಬಿತ್ತಿದವರ ಕೈಗೆ ಒಂದು ವಾರ 160 ಕಟ್ಟು ಬರುತ್ತದೆ, ಮುಂದಿನ ಮೂರು ವಾರ ಒಂದೂ ಇರುವುದಿಲ್ಲ.

ಹಬ್ಬಗಳನ್ನು ಹಿಂದಿನಿಂದ ಎಣಿಸುವ ಅಭ್ಯಾಸ ಮಾಡಿಕೊಳ್ಳಿ. ನಮ್ಮಲ್ಲಿ ಊರ ತರಕಾರಿಗೆ ಅತಿ ಹೆಚ್ಚು ಬೇಡಿಕೆ ನಾಗರಪಂಚಮಿಯಿಂದ ನವರಾತ್ರಿಯವರೆಗೆ. ಅದರ ನಡುವೆ ಸೆಪ್ಟೆಂಬರ್ 8ರ ಮೊಂತಿ ಫೆಸ್ಟ್ (ಕೆಥೊಲಿಕರ ತೆನೆ ಹಬ್ಬ). ಅಂದು ಕೆಥೊಲಿಕ್ ಮನೆಗಳಲ್ಲಿ ತರಕಾರಿ ಊಟ, ಅದೂ ಬೆಸ ಸಂಖ್ಯೆಯ ಪದಾರ್ಥಗಳು. ಬೆಂಡೆ, ಹಾಗಲ, ಅಲಸಂಡೆ, ಕೆಸು ಎಷ್ಟು ತಂದರೂ ಅಂದಿನ ಹಿಂದಿನ ದಿನ ಉಳಿಯುವುದಿಲ್ಲ. ಆ ತಾರೀಕು ಬದಲಾಗುವುದಿಲ್ಲವಾದ್ದರಿಂದ ಲೆಕ್ಕ ಸುಲಭ. ಗಣೇಶ ಚೌತಿ ಹಾಗಲ್ಲ. 2025ರಲ್ಲಿ ಆಗಸ್ಟ್ 27ಕ್ಕೆ ಬಂದ ಚೌತಿ 2026ರಲ್ಲಿ ಅಧಿಕ ಮಾಸದಿಂದಾಗಿ ಸೆಪ್ಟೆಂಬರ್ 14ಕ್ಕೆ ಬೀಳುತ್ತದೆ. ಬೆಂಡೆ, ಹೀರೆ, ಅಲಸಂಡೆ ಬಿತ್ತಿದ 45ರಿಂದ 50 ದಿನಕ್ಕೆ ಮೊದಲ ಕೊಯ್ಲು. ಮುಳ್ಳುಸೌತೆ 40ರಿಂದ 45 ದಿನ. ಕೊಯ್ಲು ಭರದಿಂದ ಬರುವುದು ಅದಾಗಿ ಒಂದು ವಾರದ ಮೇಲೆ. ಅಂದರೆ ಆಗಸ್ಟ್ ಚೌತಿಗೆ ಜುಲೈ ಮೊದಲ ವಾರ, ಸೆಪ್ಟೆಂಬರ್ ಚೌತಿಗೆ ಜುಲೈ 20ರ ಆಸುಪಾಸು ಬಿತ್ತನೆ. ಎರಡೂ ಜಡಿಮಳೆಯ ಕಾಲ, ನೇರ ಬಿತ್ತಿದ ಬೀಜ ಕೊಳೆಯುತ್ತದೆ. ಆದ್ದರಿಂದ ಮಾಡಿನ ಕೆಳಗೆ ಟ್ರೇಯಲ್ಲೋ ಕಾಗದದ ಲೋಟದಲ್ಲೋ ಮೊಳಕೆ ಬರಿಸಿ, ಎರಡು ಮೂರು ಎಲೆಯಾದಾಗ, 12ರಿಂದ 15 ದಿನದೊಳಗೆ, ಬೇರಿನ ಮಣ್ಣು ಒಡೆಯದಂತೆ ನೆಡಿ. ಅದಕ್ಕಿಂತ ತಡವಾದರೆ ಬಳ್ಳಿ ಜಾತಿಯವು ನೆಟ್ಟ ಮೇಲೆ ಮುದುಡಿ ಕೂರುತ್ತವೆ. ಬೆಂಡೆಯನ್ನು ಮಡಿಗೆ ಎರಡು ಸಾಲು, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ಅಂದರೆ 40 ಗಿಡ.

ಬೇಲಿಯ ಉದ್ದಕ್ಕೂ ಅರಶಿನ ಹಾಕಿ. ನಾಗರಪಂಚಮಿಗೂ ಚೌತಿಗೂ ಕಡುಬಿಗೆಂದು ಪೇಟೆಯವರು ಅರಶಿನ ಎಲೆ ಹುಡುಕಿಕೊಂಡು ಬರುತ್ತಾರೆ. ಗಿಡಕ್ಕೆ ಒಂದೆರಡು ಎಲೆ ಮಾತ್ರ ಕೊಯ್ದರೆ ಗಡ್ಡೆಗೆ ನಷ್ಟವಿಲ್ಲ.

ಬದನೆ ಬೆಳೆಯುವವರಿಗೆ ಒಂದು ಎಚ್ಚರಿಕೆ. ಹೂ ಬಿಡುವ ಹೊತ್ತಿಗೆ ಹಸಿರು ಗಿಡ ಒಂದೆರಡು ದಿನದಲ್ಲಿ ಹಾಗೇ ಬಾಡಿ ಸಾಯುವುದನ್ನು ಕಂಡವರು ಬುಡದ ಕಾಂಡ ಕೊಯ್ದು ಒಂದು ಲೋಟ ಶುದ್ಧ ನೀರಿನಲ್ಲಿ ಇಳಿಬಿಟ್ಟು ನೋಡಿ. ಸ್ವಲ್ಪ ಹೊತ್ತಿನಲ್ಲಿ ಕೊಯ್ದ ಕಡೆಯಿಂದ ಹಾಲಿನಂಥ ಎಳೆ ನೀರಿಗೆ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಅದಕ್ಕೆ ಸಿಂಪಡಣೆ ಯಾವುದೂ ನಾಟುವುದಿಲ್ಲ. ಹುಳಿ ಮಣ್ಣು, ನಿಂತ ನೀರು, ಒಂದೇ ಮಡಿಯಲ್ಲಿ ಮತ್ತೆ ಮತ್ತೆ ಬದನೆ, ಮೆಣಸು, ಟೊಮೆಟೊ: ಈ ಮೂರೂ ಸೇರಿದರೆ ರೋಗ ಖಂಡಿತ. ಸತ್ತ ಗಿಡ ಬೇರು ಸಮೇತ ಕಿತ್ತು ಸುಡಿ, ಆ ಮಡಿಗೆ ಮುಂದೆ ಹರಿವೆ, ಅಲಸಂಡೆ, ಬೆಂಡೆ ಹಾಕಿ. ಕಾಡುಸುಂಡೆಯ ಬುಡಕ್ಕೆ ಕಸಿ ಕಟ್ಟಿದ ಬದನೆ ಈ ರೋಗವನ್ನು ಚೆನ್ನಾಗಿ ತಾಳುತ್ತದೆ. ಬೀಜದಿಂದಲೇ ಬೇಕಾದರೆ ಬೆಂಗಳೂರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಆನಂದ್ ತಳಿ ಇದೆ. ಇಲ್ಲಿ ಇನ್ನೊಂದು ಮಾತು: ಉಡುಪಿ ಬಳಿಯ ಮಟ್ಟು ಊರಿನ ಬದನೆಯಾದ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಿಕೆಯ (ಜಿ.ಐ. ಟ್ಯಾಗ್) ಮಾನ್ಯತೆ ಬಂದಿದೆ. ಅದೇ ಬೀಜವನ್ನು ಬೇರೆ ಊರಿನಲ್ಲಿ ಬೆಳೆದು ಮಟ್ಟುಗುಳ್ಳ ಎಂದು ಮಾರುವುದು ಮಟ್ಟುವಿನ ಬೆಳೆಗಾರರ ಹೊಟ್ಟೆಗೆ ಹೊಡೆದಂತೆ. ಗುಳ್ಳ ಎನ್ನಿ, ನಿಮ್ಮ ಊರಿನ ಹೆಸರು ಹೇಳಿ.

ಹೀರೆ, ಹಾಗಲ, ಸೌತೆಯ ಕಾಯಿ ಎಳತರಲ್ಲೇ ಸೊಟ್ಟಗಾಗಿ ಹಳದಿಯಾಗಿ ಉದುರಿದರೆ ಹಣ್ಣುನೊಣ. ಅಂಗಡಿಯಲ್ಲಿ ಮೋಹಕ ಬಲೆ (ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವ ಬಲೆ) ಕೇಳುವಾಗ ಕ್ಯೂಲೂರ್ ಎಂದು ಬಿಡಿಸಿ ಹೇಳಿ. ಮಾವಿನ ನೊಣಕ್ಕೆ ಬರುವ ಮಿಥೈಲ್ ಯೂಜಿನಾಲ್ ಕೊಟ್ಟರೆ ಬಲೆ ತುಂಬ ನೊಣ ಬಿದ್ದರೂ ನಿಮ್ಮ ಹೀರೆಗೆ ಪ್ರಯೋಜನವಿಲ್ಲ. 10 ಸೆಂಟ್ಸಿಗೆ ಎರಡು ಬಲೆ, ನಾಲ್ಕೈದು ಅಡಿ ಎತ್ತರದಲ್ಲಿ, ಮಳೆನೀರು ಒಳಗೆ ಹೋಗದಂತೆ. ಬಲೆಗೆ ಬೀಳುವುದು ಗಂಡು ನೊಣ ಮಾತ್ರ, ಹಾಗಾಗಿ ಬಿದ್ದ ಕಾಯಿಗಳನ್ನು ದಿನವೂ ಹೆಕ್ಕಿ ಎರಡಡಿ ಆಳಕ್ಕೆ ಹೂಳಬೇಕು. ಗೊಬ್ಬರದ ಗುಂಡಿಗೆ ಎಸೆದರೆ ಅಲ್ಲೇ ಮರಿಯಾಗಿ ಹೊರಬರುತ್ತವೆ. ಅಲಸಂಡೆಯ ಕುಡಿಗೆ ಕಪ್ಪು ಹೇನು ಮುತ್ತಿದರೆ ಒಂದು ಲೀಟರ್ ನೀರಿಗೆ 20 ಮಿ.ಲೀ. ಬೇವಿನ ಎಣ್ಣೆ, 20 ಗ್ರಾಂ ಬೆಳ್ಳುಳ್ಳಿಯ ರಸ, 5 ಗ್ರಾಂ ಬಾರ್ ಸೋಪು. ಸೋಪನ್ನು ಬಿಸಿನೀರಲ್ಲಿ ಮೊದಲು ಕರಗಿಸಿ ಎಣ್ಣೆಯನ್ನು ಅದಕ್ಕೆ ಕಲಸದಿದ್ದರೆ ಎಣ್ಣೆ ಮೇಲೆ ತೇಲಿ ಎಲೆ ಸುಡುತ್ತದೆ. ಸಂಜೆಯೇ ಸಿಂಪಡಿಸಿ. ಪಡವಲ ನೆಟ್ಟಗೆ ಬರಬೇಕಾದರೆ ಕಾಯಿ ಗೇಣುದ್ದ ಇರುವಾಗಲೇ ತುದಿಗೆ ಸಣ್ಣ ಕಲ್ಲು ಕಟ್ಟುವ ಪದ್ಧತಿ ಈಗಲೂ ಸರಿಯೇ. ಸುರುಳಿ ಸುತ್ತಿದ ಪಡವಲವನ್ನು ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ.

ಕೊಯ್ಲಿನಲ್ಲಿ ಆಗುವ ನಷ್ಟ ರೋಗದಿಂದಾಗುವ ನಷ್ಟಕ್ಕಿಂತ ಕಡಿಮೆಯೇನಲ್ಲ. ಬೆಂಡೆ ಮತ್ತು ಅಲಸಂಡೆಯನ್ನು ದಿನ ಬಿಟ್ಟು ದಿನ ಕೊಯ್ಯಲೇಬೇಕು, ಸಂತೆ ವಾರಕ್ಕೊಮ್ಮೆ ಎಂದು ಕಾದರೆ ಬೆಂಡೆ ನಾರಾಗುತ್ತದೆ, ಬಲಿತ ಕಾಯಿ ಉಳಿದ ಗಿಡ ಹೂ ಬಿಡುವುದನ್ನೂ ನಿಲ್ಲಿಸುತ್ತದೆ. ನಡುವಿನ ಕೊಯ್ಲಿಗೆ ಹತ್ತಿರದ ಹೋಟೆಲನ್ನೋ ಹಾಸ್ಟೆಲಿನ ಅಡುಗೆಮನೆಯನ್ನೋ ಮೊದಲೇ ಮಾತಾಡಿಟ್ಟುಕೊಳ್ಳಿ. ಬೆಂಡೆಯನ್ನು ತೊಳೆಯಬೇಡಿ, ಒದ್ದೆಯಾದರೆ ಅಂಚು ಕಪ್ಪಾಗುತ್ತದೆ. ಬೆಂಡೆ, ಬದನೆ, ಸೌತೆಯನ್ನು ಫ್ರಿಜ್ಜಿನ ತಣ್ಣನೆಯಲ್ಲಿಟ್ಟರೆ ಹೊರತೆಗೆದ ಮೇಲೆ ಕಲೆ ಬೀಳುತ್ತದೆ. ಹರಿವೆಯನ್ನು ಹಿಂದಿನ ಸಂಜೆ ಬಿಸಿಲು ಇಳಿದ ಮೇಲೆ ಕಿತ್ತು, ಬೇರಿನ ಮಣ್ಣು ಮಾತ್ರ ತೊಳೆದು, ನೀರು ಬಸಿದು, ಬಾಳೆನಾರಿನಲ್ಲಿ ಕಟ್ಟಿ, ಬೇರು ಕೆಳಗಾಗಿ ನಿಲ್ಲಿಸಿ ಒದ್ದೆ ಗೋಣಿ ಸುತ್ತಿ. ಪ್ಲಾಸ್ಟಿಕ್ ಚೀಲದೊಳಗೆ ಬಿಗಿದ ಸೊಪ್ಪು ಬೆಳಗಾಗುವಾಗ ಬೆಂದಂತಾಗಿರುತ್ತದೆ. ಇಟ್ಟಿಗೆ, ಮರಳಿನ ತಂಪು ಕೋಣೆಯನ್ನು ಕೆಲವರು ಇಲ್ಲೂ ಕಟ್ಟಲು ಹೇಳುತ್ತಾರೆ. ನೀರು ಆವಿಯಾಗಿ ತಂಪಾಗುವ ಆ ವಿಧಾನ ಬಯಲುಸೀಮೆಯ ಒಣ ಹವೆಗೆ ಹೇಳಿದ್ದು, ನಮ್ಮ ಸೆಕೆಯ ತೇವದಲ್ಲಿ ಅದಕ್ಕೆ ಹಾಕಿದ ದುಡ್ಡಿನಷ್ಟು ಫಲವಿಲ್ಲ.

ಮಾರುವ ಕಡೆಗೆ ಬರೋಣ. ಪುತ್ತೂರಿನ ಸೋಮವಾರ, ಆದಿಉಡುಪಿಯ ಬುಧವಾರ, ಮೂಡುಬಿದಿರೆಯ ಶುಕ್ರವಾರ, ಕುಂದಾಪುರದ ಶನಿವಾರ ಎಂದು ಸಂತೆಗಳು ನಮ್ಮಲ್ಲಿ ಹಿಂದಿನಿಂದಲೂ ಇವೆ. ಬೀಜ ಕೊಳ್ಳುವ ಮೊದಲು ಬರೀ ಕೈಯಲ್ಲಿ ಹೋಗಿ ನಾಲ್ಕು ವಾರ ನೋಡಿ: ಯಾವುದು ಎಷ್ಟು ಗಂಟೆಗೆ ಮುಗಿಯುತ್ತದೆ, ಯಾವುದನ್ನು ಜನ ಕೇಳಿ ಇಲ್ಲವೆಂದಾಗ ಹೊರಟು ಹೋಗುತ್ತಾರೆ. ಆ ಪಟ್ಟಿಯೇ ನಿಮ್ಮ ಬಿತ್ತನೆಯ ಪಟ್ಟಿ. ತೂಕಕ್ಕೆ ಅಡುಗೆಮನೆಯ ಯಂತ್ರ ನಡೆಯದು. ವ್ಯಾಪಾರಕ್ಕೆಂದೇ ಇರುವ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು, ಅದನ್ನು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ದರವನ್ನು ದೊಡ್ಡ ಅಕ್ಷರದಲ್ಲಿ ಹಲಗೆಯ ಮೇಲೆ ಬರೆಯಿರಿ. ಬಾಯಿಬಿಟ್ಟು ಕೇಳಲು ಸಂಕೋಚಪಡುವ ಗಿರಾಕಿ ಸುಮ್ಮನೆ ಮುಂದಿನ ಮೇಜಿಗೆ ಹೋಗುತ್ತಾರೆ. ಕಟ್ಟಿನ ದರ 10, 20, 30ರಂತೆ ಇದ್ದರೆ ಚಿಲ್ಲರೆಯ ತಕರಾರಿಲ್ಲ. ಕೊನೆಯ ಗಂಟೆಯಲ್ಲಿ ದರ ಇಳಿಸುವ ಚಾಳಿ ಬೇಡ, ನಿಮ್ಮ ಖಾಯಂ ಗಿರಾಕಿಯೇ ಮುಂದಿನ ವಾರದಿಂದ ತಡವಾಗಿ ಬರಲು ಶುರುಮಾಡುತ್ತಾರೆ. ಉಳಿದದ್ದನ್ನು ಪಕ್ಕದ ಬೆಳೆಗಾರನೊಡನೆ ಬದಲಾಯಿಸಿಕೊಳ್ಳುವುದು ಲೇಸು.

ಲೆಕ್ಕವನ್ನು ಬೆಳೆಯ ಮೇಲೆ ಇಡದೆ ಮಡಿಯ ಮೇಲೆ ಇಡಿ. ಉದಾಹರಣೆಗೆ ಹರಿವೆ ಕಟ್ಟಿಗೆ 20 ರೂಪಾಯಿಯಂತೆ 40 ಕಟ್ಟಿಗೆ 800 ರೂಪಾಯಿ, ಅದೂ ಒಂದೇ ತಿಂಗಳಲ್ಲಿ. ಅದೇ ಮಡಿಯಲ್ಲಿ 30 ಬದನೆ ಗಿಡ, ಗಿಡಕ್ಕೆ 2 ಕಿಲೋ, ಕಿಲೋಗೆ 50 ಎಂದರೆ 3,000. ಕೇಳಲು ದೊಡ್ಡದು, ಆದರೆ ಮಡಿ ಆರು ತಿಂಗಳು ಹಿಡಿದಿರುತ್ತದೆ, ತಿಂಗಳಿಗೆ 500. ಹರಿವೆಗೆ ಕೀಳುವ, ತೊಳೆಯುವ, ಕಟ್ಟುವ ಕೂಲಿ ಹೆಚ್ಚು ಎಂಬುದನ್ನೂ ಅದೇ ಪುಸ್ತಕದಲ್ಲಿ ಬರೆದರೆ ಯಾವುದಕ್ಕೆ ಎಷ್ಟು ಮಡಿ ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಸಾವಯವ ಎಂಬ ಹಲಗೆ ಹಾಕುವವರು ಜೋಪಾನ. ಸ್ವತಃ ಬೆಳೆದ ಸಣ್ಣ ರೈತ ನೇರವಾಗಿ ಗ್ರಾಹಕನಿಗೆ ಮಾರುವಾಗ ಪ್ರಮಾಣಪತ್ರಕ್ಕೆ ವಿನಾಯಿತಿ ಇದೆ, ಆದರೆ ಪ್ರಮಾಣಿತ ಸಾವಯವಕ್ಕೆಂದೇ ಇರುವ ಜೈವಿಕ ಭಾರತ ಚಿಹ್ನೆ ಬಳಸುವಂತಿಲ್ಲ, ಅಂಗಡಿಯ ಮೂಲಕ ಮಾರುವಂತಿಲ್ಲ. ಅಕ್ಕಪಕ್ಕದ ಐದಾರು ಬೆಳೆಗಾರರು ಸೇರಿ ಪಿ.ಜಿ.ಎಸ್. (ಬೆಳೆಗಾರರೇ ಪರಸ್ಪರ ಖಾತರಿ ಕೊಡುವ ಪದ್ಧತಿ) ಗುಂಪು ಮಾಡಿಕೊಂಡು ಒಬ್ಬರ ತೋಟವನ್ನು ಇನ್ನೊಬ್ಬರು ಪರಿಶೀಲಿಸುವ ವ್ಯವಸ್ಥೆ ಕಡಿಮೆ ಖರ್ಚಿನದು. ಪೇಟೆಯಿಂದ ತಂದ ಗೆಡ್ಡೆಕೋಸನ್ನು ನಡುವೆ ಇಟ್ಟು ಎಲ್ಲವೂ ನಮ್ಮದೇ ಎಂದು ಮಾರುವವನೊಬ್ಬನಿದ್ದರೆ ಇಡೀ ಸಂತೆಯ ಮೇಲಿನ ನಂಬಿಕೆ ಹೋಗುತ್ತದೆ.

ಹಾಗಾಗಿಯೇ ಈ ಬೇಡಿಕೆ. ಮಂಗಳೂರು ಮಹಾನಗರ ಪಾಲಿಕೆಯಲ್ಲೂ ಉಡುಪಿ ನಗರಸಭೆಯಲ್ಲೂ ಕೇಳಿಕೊಳ್ಳುವುದು ಇಷ್ಟೇ: ಬೆಳೆದವರೇ ಮಾರುವ ಸಂತೆಗೆ ವಾರದಲ್ಲಿ ಒಂದು ಬೆಳಿಗ್ಗೆ, ಆರರಿಂದ ಹತ್ತರವರೆಗೆ, ಸೂರು ಇರುವ ಒಂದು ಖಾಯಂ ಜಾಗ ಕೊಡಿ. ಭಾನುವಾರ ಖಾಲಿ ಇರುವ ಸರಕಾರಿ ಕಟ್ಟಡಗಳ ವಾಹನ ನಿಲ್ಲಿಸುವ ಮಾಡು ಸಾಕು. ಸೂರೇ ಮುಖ್ಯ, ರಸ್ತೆಬದಿಯ ಕೊಡೆಯ ಕೆಳಗೆ ಆಟಿಯ ಮಳೆಯಲ್ಲಿ ತರಕಾರಿ ಮಾರಲಾಗದು, ಮಾರಿದರೂ ಕೊಳ್ಳುವವರು ನಿಲ್ಲಲಾರರು. ನಲ್ಲಿನೀರು, ಮಹಿಳೆಯರಿಗೆ ಶೌಚಾಲಯ, ಕಸ ಅಲ್ಲೇ ಗೊಬ್ಬರಕ್ಕೆ ಹೋಗುವ ಏರ್ಪಾಡು ಇರಲಿ. ಬಾಡಿಗೆ ತಿಂಗಳ ಲೆಕ್ಕದಲ್ಲಿ ಬೇಡ, ಬಂದ ದಿನಕ್ಕೆ ಮಾತ್ರ ಇರಲಿ, ಯಾಕೆಂದರೆ ಹತ್ತು ಸೆಂಟ್ಸಿನವರು ಎಲ್ಲ ವಾರವೂ ಬರಲಾರರು. ಬೆಳೆಗಾರನೇ ಹೌದೋ ಎಂದು ನೋಡಲು ಪಹಣಿಯೊಂದೇ ಸಾಲದು, ಗೇಣಿಗೆ ಪಡೆದು ಬೆಳೆಯುವವರು, ಸಂಘದ ಮಹಿಳೆಯರು ಹೊರಗುಳಿಯುತ್ತಾರೆ. ಪ್ರತಿಯೊಬ್ಬರೂ ಯಾವ ಮಡಿಗೆ ಯಾವಾಗ ಏನು ಬಿತ್ತಿದೆ ಎಂಬ ಹಾಳೆ ಕೊಡಲಿ, ತೋಟಗಾರಿಕೆ ಇಲಾಖೆಯವರು ವರ್ಷಕ್ಕೊಮ್ಮೆ ತೋಟಕ್ಕೆ ಬಂದು ನೋಡಲಿ. ಜುಲೈಯಲ್ಲಿ ಊರ ಹೂಕೋಸು ಇಟ್ಟವರನ್ನು ಹಿಡಿಯಲು ಆ ಹಾಳೆ ಸಾಕು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಜಾಗ ಗುರುತಿಸುವಾಗ ಅವರನ್ನೂ ಕೂರಿಸಿಕೊಂಡರೆ ಈಗಿನ ತರಕಾರಿ ವ್ಯಾಪಾರಿಗಳ ಜತೆ ಮನಸ್ತಾಪವೂ ಬಾರದು.

ಈ ತೀರ್ಮಾನ ಮಾರ್ಚ್ ಒಳಗೆ ಆಗಬೇಕು. ಜಾಗ ಮತ್ತು ವಾರ ಗೊತ್ತಾದ ಮೇಲೆಯೇ ಬೆಳೆಗಾರರು ಮಳೆ ಮಾಡಿಗೆ ದುಡ್ಡು ಹಾಕುತ್ತಾರೆ. ಏಪ್ರಿಲ್, ಮೇಯಲ್ಲಿ ಮಾಡು ಏಳಬೇಕು, ಪತ್ತನಾಜೆಗೆ ಬೀಜ ಮಣ್ಣಿಗೆ ಬೀಳಬೇಕು. ಜೂನ್‌ನಲ್ಲಿ ಆದೇಶ ಹೊರಟರೆ ಆ ವರ್ಷದ ಚೌತಿಗೂ ಲಾರಿಯ ಬೆಂಡೆಯೇ ಗತಿ.

ಇತಿ,
ತರಕಾರಿ ಬೆಳೆಗಾರರೊಬ್ಬರು, ಉಡುಪಿ